ಜಾಯಿಂಟು ಕಾಣದ ಕುದುರೆ

ಅನಾಹುತಕ್ಕೆಲ್ಲ ಮೊದಲ ಕಾರಣ ಒಂದು ಮೆಣಸಿನಕಾಯಿ ಬಜ್ಜಿ. ಪೂರಾ ಬಜ್ಜಿಯೂ ಅಲ್ಲ, ಅದರ ಮೈಯಿಂದ ಕಳಚಿಕೊಂಡ ಕಡಲೆಹಿಟ್ಟಿನ ಒಂದು ಚೂರು. ನೆಲಕ್ಕೆ ಬಿದ್ದಿದ್ದರೆ ಇರುವೆಗಳಿಗೆ ಹಬ್ಬವಾಗುತ್ತಿತ್ತು. ತಿಪ್ಪೇಶನ ಅದೃಷ್ಟ ನೋಡಿ, ಅದು ಸ್ಕ್ಯಾನರಿನ ಗಾಜಿನ ಮೇಲೆ ಬಿತ್ತು. ಅವನು ನೋಡದೆ ಅದರ ಮೇಲೆಯೇ ಸ್ವಪ್ನಾ ಬರೆದ ಕುದುರೆಯನ್ನು ಮಕಾಡೆ ಮಲಗಿಸಿ ಮುಚ್ಚಳ ಹಾಕಿದ.

ತಿಪ್ಪೇಶ ರಾಯದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವನು. ಹುಟ್ಟುಹಬ್ಬದ ಫ್ಲೆಕ್ಸುಗಳಲ್ಲಿ ಯಾರ ಕುತ್ತಿಗೆಗೆ ಯಾರ ಮೈ ಬೇಕಾದರೂ ಗೊತ್ತಾಗದಂತೆ ಕೂಡಿಸುವುದರಲ್ಲಿ ಅವನದು ಎತ್ತಿದ ಕೈ. ಜನ್ಮದಲ್ಲಿ ಸೂಟು ಮುಟ್ಟದ ಎಷ್ಟೋ ಮಂದಿ ಅವನ ದಯದಿಂದ ಊರ ಸರ್ಕಲ್ಲಿನಲ್ಲಿ ಸೂಟು ಹಾಕಿಕೊಂಡು ನಿಂತಿದ್ದರು. ಎರ್ರಿಸ್ವಾಮಿಯವರ ಜೀನ್ಸ್ ಯೂನಿಟ್ಟಿಗೂ ಲೇಬಲ್ಲು, ಸ್ಟಿಕ್ಕರು ಮಾಡಿಕೊಡುತ್ತಿದ್ದ. ಹಾಗೆ ಮಾಡಿಕೊಡುತ್ತ ಮಾಡಿಕೊಡುತ್ತ ಅವರ ಮಗಳು ಸ್ವಪ್ನಾಳಿಗೆ ಮನಸ್ಸು ಕೊಟ್ಟ. ಅವಳೂ ಕೊಟ್ಟಳು. ಇನ್ನು ಉಳಿದದ್ದು ಎರ್ರಿಸ್ವಾಮಿಯವರು ಮಗಳನ್ನು ಕೊಡುವುದೊಂದೇ.

ತೊಡಕು ಇದ್ದದ್ದೇ ಅಲ್ಲಿ. ಬಳ್ಳಾರಿಯಲ್ಲಿದ್ದ ಎರ್ರಿಸ್ವಾಮಿಯವರ ಅಕ್ಕನಿಗೆ ಗೋವರ್ಧನ ಎಂಬ ಮಗನಿದ್ದ. ಸ್ವಪ್ನಾ ತೊಟ್ಟಿಲಲ್ಲಿದ್ದಾಗಲೇ ಅವಳು ಗೋವರ್ಧನನಿಗೆ ಎಂದು ಎರಡೂ ಮನೆಯವರು ಆಡಿಕೊಂಡಿದ್ದರು. ಸ್ವಪ್ನಾ ಒಪ್ಪಲಿಲ್ಲ. ಊಟ ಬಿಟ್ಟಳು, ಮಾತು ಬಿಟ್ಟಳು. ಅದಕ್ಕೆಲ್ಲ ಅಪ್ಪ ಜಗ್ಗಲಿಲ್ಲ. ಯೂನಿಟ್ಟಿಗೆ ಬಂದು ಆರ್ಡರು ನೋಡಿಕೊಳ್ಳುವುದನ್ನು ಬಿಟ್ಟ ದಿನ ಮಾತ್ರ ಅವರು ದಾರಿಗೆ ಬಂದರು.

"ನೋಡವ್ವಾ," ಎಂದರು, "ಜೀನ್ಸಿನ ಜೇಬಿನ ಒಳಗ ಹಾಕಾಕ ಹೊಸಾ ಬಟ್ಟಿ ಪ್ರಿಂಟ್ ಹಾಕಸ್ಬೇಕಂತ ಮಾಡೀನಿ. ಬಟ್ಟಿ ತುಂಬ ನಮ್ಮ ಕುದುರಿ ಮಾರ್ಕು ಬರಬೇಕು. ಆ ಡಿಸೈನು ನಿನ್ನ ತಿಪ್ಪೇಶನೂ ಮಾಡ್ಲಿ, ನಮ್ಮ ಗೋವರ್ಧನನೂ ಮಾಡ್ಲಿ. ಸೋಮವಾರ ಸಂಜಿಗೆ ಇಬ್ರುದೂ ನೋಡ್ತೀನಿ. ಯಾರು ಯಾತಕ್ಕ ಲಾಯಕ್ಕು ಅಂಬೋದು ಆವಾಗ ನಾನೇ ಹೇಳ್ತೀನಿ."

ಆ ಸೋಮವಾರ ಇವತ್ತೇ. ಕುದುರೆಯನ್ನು ಸ್ವಪ್ನಾ ತನ್ನ ಕೈಯಾರೆ ಬರೆದು ಕಳಿಸಿದ್ದಳು. ಬಾಲ ಎತ್ತಿ ಓಡುವ ಕುದುರೆ, ಹಿಂದೆ ರಾಯದುರ್ಗದ ಬೆಟ್ಟದ ಬಂಡೆಗಳು. ಜೊತೆಗೆ ಫೋನಿನಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದ್ದಳು: "ಜಾಯಿಂಟು ಒಂದೀಟೂ ಕಾಣಬಾರದು ನೋಡು. ಅಪ್ಪ ಬಟ್ಟಿ ಮ್ಯಾಲೆ ಹೆಬ್ಬಟ್ಟು ಆಡಿಸಿ ತಪ್ಪು ಹಿಡಿಯೋ ಮನಿಷಾ."

ಜಾಯಿಂಟಿನ ಕತೆ ಏನೆಂದರೆ, ಬಟ್ಟೆ ಪ್ರಿಂಟ್ ಮಾಡುವ ಮಿಲ್ಲಿಗೆ ಕಳಿಸುವುದು ಒಂದೇ ಒಂದು ಚೌಕದ ಚಿತ್ರ. ಅವರ ಮಿಷನ್ನು ಅದನ್ನೇ ಪಕ್ಕಪಕ್ಕಕ್ಕೆ, ಮೇಲೆ ಕೆಳಗೆ ಇಡುತ್ತ ಹೋಗಿ ಥಾನುಗಟ್ಟಲೆ ಬಟ್ಟೆ ತುಂಬಿಸುತ್ತದೆ. ಒಂದು ಚೌಕ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ನೋಡುವವನಿಗೆ ತಿಳಿಯಬಾರದು. ಬಲಗಡೆ ಅಂಚಿನಿಂದ ಹೊರಗೆ ಹೋದದ್ದು ಎಡಗಡೆ ಅಂಚಿನಿಂದ ಒಳಗೆ ಬರಬೇಕು. ಮೇಲೆ ಹೋದದ್ದು ಕೆಳಗಿನಿಂದ ಬರಬೇಕು. ಹೇಳಲಿಕ್ಕೆ ಇಷ್ಟೇ. ಆದರೆ ಚೌಕದಲ್ಲಿ ಒಂದು ತಪ್ಪು ಉಳಿದರೆ ಬಟ್ಟೆಯ ತುಂಬ ಅದೇ ತಪ್ಪು, ಊರ ತುಂಬ ಅದೇ ಜೇಬು.

ತಿಪ್ಪೇಶ ಸ್ಕ್ಯಾನ್ ಆದ ಕುದುರೆಯನ್ನು ಪರದೆಯ ತುಂಬ ಹರಡಿ, ಕೈ ಕಟ್ಟಿಕೊಂಡು, ಅಭಿಮಾನದಿಂದ ನೋಡಿದ. ಪಕ್ಕದಲ್ಲೇ ಮಂಡಕ್ಕಿ ಒಗ್ಗಾಣಿ, ಬಜ್ಜಿಯ ಬಂಡಿ ಇಟ್ಟುಕೊಂಡಿರುವ ಓಬಕ್ಕ ಖಾಲಿ ತಟ್ಟೆ ಒಯ್ಯಲು ಬಂದವಳು ತಾನೂ ನೋಡಿದಳು. ಓಣಿಯಲ್ಲಿ ಯಾರ ಮನೆಯಲ್ಲಿ ಏನೇ ನಡೆದರೂ ಅದಕ್ಕೆ ಓಬಕ್ಕನ ಅಭಿಪ್ರಾಯ ಬೀಳದಿದ್ದರೆ ಅದು ನಡೆದಂತೆ ಲೆಕ್ಕವಿಲ್ಲ.

"ಅಲ್ಲೋ ತಿಪ್ಪೇಶ," ಎಂದಳು, "ಇಷ್ಟೂ ಕುದುರಿಗೆ ಒಮ್ಮಿಗೇ ಹೊಟ್ಟಿ ಕೆಟ್ಟೈತೇನು?"

ತಿಪ್ಪೇಶ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಪ್ರತಿಯೊಂದು ಕುದುರೆಯ ಬಾಲದ ಕೆಳಗೆ, ಇರಬೇಕಾದ ಜಾಗದಲ್ಲೇ, ಹಳದಿ ಬಣ್ಣದ ಒಂದು ಉಂಡೆ ಬಿದ್ದಿತ್ತು. ಸ್ಕ್ಯಾನರಿನ ಮುಚ್ಚಳ ತೆರೆದಾಗ ಸಮಾಚಾರ ತಿಳಿಯಿತು.

"ಇದು ನಿನ್ನ ಬಜ್ಜಿ, ಓಬಕ್ಕ."

"ನನ್ನ ಬಜ್ಜಿ ತಿಂದು ಇವತ್ತಿನ ತನಕ ಯಾರಿಗೂ ಹಂಗ ಆಗಿಲ್ಲ!" ಓಬಕ್ಕ ತಟ್ಟೆ ಕಿತ್ತುಕೊಂಡು ಸಿಡುಕಿ ಹೋದಳು.

ಗಾಜು ಒರೆಸಿ, ಮತ್ತೆ ಸ್ಕ್ಯಾನ್ ಮಾಡಿ, ಮತ್ತೆ ಹರಡಿದ. ಉಂಡೆ ಹೋಗಿತ್ತು. ಈಗ ಕುದುರೆಯ ಬಾಲ ಅರ್ಧಕ್ಕೇ ತುಂಡಾದದ್ದು ಕಣ್ಣಿಗೆ ಬಿತ್ತು. ಸ್ವಪ್ನಾ ಹುರುಪಿನಲ್ಲಿ ಬಾಲವನ್ನು ಕಾಗದದ ಅಂಚಿನ ತನಕ ಎಳೆದಿದ್ದಳು. ಅಲ್ಲಿಗೆ ಚೌಕ ಮುಗಿದು, ಕುದುರೆಗಳೆಲ್ಲ ಬಾಗಿಲ ಸಂದಿಗೆ ಸಿಕ್ಕ ಬೆಕ್ಕಿನಂತೆ ಮೋಟು ಬಾಲ ಎತ್ತಿಕೊಂಡು ಓಡುತ್ತಿದ್ದವು. ಬಂಡೆಗಳೂ ಅಂಚಿನಲ್ಲಿ ಗೋಡೆ ಕಟ್ಟಿದಂತೆ ನೇರಕ್ಕೆ ನಿಂತುಬಿಟ್ಟಿದ್ದವು.

ಇಂಥದ್ದಕ್ಕೆ ಒಂದು ಉಪಾಯವಿದೆ, ತಿಪ್ಪೇಶನಿಗೆ ಅದು ಗೊತ್ತಿತ್ತು. ಚಿತ್ರವನ್ನು ಅರ್ಧಕ್ಕೆ ಪಕ್ಕಕ್ಕೆ ಸರಿಸಿಬಿಡುವುದು. ಆಗ ಅಂಚಿನಲ್ಲಿ ಅಡಗಿದ್ದ ಜಾಯಿಂಟು ಚೌಕದ ನಟ್ಟನಡುವೆ ಬಂದು ನಿಲ್ಲುತ್ತದೆ. ಕಣ್ಣೆದುರಿಗೇ ಇಟ್ಟುಕೊಂಡು ತಿದ್ದಬಹುದು. ಆದರೆ ನಡುವೆ ನೆಮ್ಮದಿಯಾಗಿದ್ದ ಕುದುರೆ ಪಾಪ ಎರಡು ತುಂಡಾಗಿ ಅಂಚುಗಳಿಗೆ ಹೋಗುತ್ತದೆ. ಮುಖ ಮತ್ತು ಮುಂಗಾಲು ಎಡಕ್ಕೆ, ಹಿಂಭಾಗ ಬಲಕ್ಕೆ. ಒಂದೇ ಚೌಕವನ್ನು ನೋಡಿದವರಿಗೆ ಕುದುರೆ ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಹೊರಟಂತೆ ಕಾಣುತ್ತದೆ.

ತಿಪ್ಪೇಶ ನಾಲಗೆ ಕಚ್ಚಿಕೊಂಡು ತಿದ್ದುತ್ತ ಕೂತ. ಬಾಲದ ಎಳೆ ಎಳೆ ಕೂಡಿಸಿದ. ಒಂದು ಬಂಡೆಯನ್ನು ಇನ್ನೊಂದರ ಹೆಗಲಿಗೆ ಒರಗಿಸಿದ. ಮಧ್ಯಾಹ್ನದ ಊಟವೂ ನೆನಪಾಗಲಿಲ್ಲ. ಜಾಯಿಂಟು ಎಲ್ಲಿತ್ತು ಎಂದು ಅವನಿಗೇ ಮರೆತುಹೋಗುವಷ್ಟು ಚೆನ್ನಾಗಿ ಕೂಡಿಕೊಂಡ ಹೊತ್ತಿಗೆ ಬೆನ್ನ ಹಿಂದೆ ಒಂದು ಚೀತ್ಕಾರ ಕೇಳಿಸಿತು.

"ಏನು ಕೊಲಿ ಮಾಡೀಯಪಾ ಇದು!"

ಸಣ್ಣಬಸಪ್ಪ ನಿಂತಿದ್ದ. ಎರ್ರಿಸ್ವಾಮಿಯವರ ಯೂನಿಟ್ಟಿನ ಕಟಿಂಗ್ ಮಾಸ್ಟರು. ಕೆಲಸ ಎಲ್ಲಿಗೆ ಬಂತು ನೋಡಿ ಬಾ ಎಂದು ಯಾರೂ ಹೇಳಿರಲಿಲ್ಲ, ತಾನಾಗಿಯೇ ಬಂದಿದ್ದ.

"ಕೊಲಿ ಅಲ್ರಿ ಮಾಸ್ಟ್ರೇ. ಇದು ಬರೇ ಒಂದು ತುಂಡು. ಪಕ್ಕಕ್ಕ ಇನ್ನೊಂದು ಇಟ್ರ ಕುದುರಿ ಕೂಡಿಕೊಳ್ತೈತಿ."

"ಇನ್ನೊಂದು ಅಂದ್ರ ಯಾವುದು?"

"ಇದೇ."

ಸಣ್ಣಬಸಪ್ಪ ಅನುಕಂಪದಿಂದ ನಕ್ಕ. "ಇದೂ ಕಡದಿದ್ದು, ಅದೂ ಕಡದಿದ್ದು. ಒಂದೇ ನಮೂನಿ ಎರಡು ತುಂಡು ಸೇರಿಸಿದ್ರ ಪೂರಾ ಹೆಂಗ ಆಗ್ತೈತಪಾ? ಕತ್ರಿ ಹಿಡದು ಹಿಡದೇ ನನ್ನ ಕೂದಲು ಬೆಳ್ಳಗಾಗ್ಯಾವು. ಎರಡೂ ಎಡಗಾಲೇ ಕೊಯ್ದ್ರ ಪ್ಯಾಂಟ್ ಆಗ್ತೈತೇನು?"

ಅದು ಬೇರೆ, ಇದು ಬೇರೆ ಎಂದು ತಿಪ್ಪೇಶ ಬಾಯಿ ತೆರೆಯುವಷ್ಟರಲ್ಲಿ ಸಣ್ಣಬಸಪ್ಪ ಪರದೆಯ ಫೋಟೋ ತೆಗೆದು, "ತಿಪ್ಪೇಶ ಕುದುರಿ ಕಡದ್ನು" ಎಂದು ಯೂನಿಟ್ಟಿನ ವಾಟ್ಸಾಪ್ ಗ್ರೂಪಿಗೆ ಹಾಕಿ ಹೊರಟುಹೋದ. ಹೊಲಿಯುವವರು, ಗುಂಡಿ ಹಚ್ಚುವವರು, ಇಸ್ತ್ರಿ ಮಾಡುವವರು ಎಲ್ಲರೂ ಆ ಗ್ರೂಪಿನಲ್ಲಿದ್ದರು. ಎರ್ರಿಸ್ವಾಮಿಯವರೂ ಇದ್ದರು.

ಫೋನು ಬಡಿದುಕೊಂಡಿತು. ಸ್ವಪ್ನಾ.

"ನನ್ನ ಕುದುರಿನ ಏನು ಮಾಡೀಯೋ ನೀನು?"

"ಸ್ವಪ್ನಾ, ಅದು ಪೂರಾ ಐತಿ. ಹರವಿ ನೋಡಿದ್ರ ಕಾಣ್ತೈತಿ, ಒಂದೇ ತುಂಡು ನೋಡಿದ್ರ—"

"ಅಪ್ಪ ಒಂದೇ ತುಂಡೇ ನೋಡ್ಯಾನ! ಹೊಸಾ ಐಟಮ್ಮಿಗೆ ಕಡದ ಪ್ರಾಣಿ ಹಾಕ್ತಾರೇನು, ಯೂನಿಟ್ಟಿಗೆ ಒಳ್ಳೇದಲ್ಲ ಅಂತ ಕುದೀಲಿಕ್ಕತ್ಯಾನ. ಗೋವರ್ಧನ ಬಾವ ಆಗಲೇ ಬಂದು ಫ್ಯಾನಿನ ಕೆಳಗ ಕೂತು ಚಾ ಕುಡಿಯಾಕತ್ಯಾನ. ನೀ ಬರ್ತಿಯೋ ಇಲ್ಲೋ?"

"ಹರವಿದ್ದು ಫೋನಿಗೆ ಕಳಿಸ್ತೀನಿ, ತೋರಿಸು."

"ಫೋನಿನಾಗ ಎಲ್ಲಾ ಚೆಂದ ಕಾಣ್ತೈತಿ, ಮುಟ್ಟಿ ನೋಡಾಕ ಬೇಕು ಅಂತಾನ. ಕಾಗದದ ಮ್ಯಾಲೆ ಹೊಡಕೊಂಡು ಓಡಿ ಬಾ. ನಿನಗ ಕೈ ಮುಗೀತೀನಿ." ತಿಪ್ಪೇಶ ಫೋನು ಇಡುವ ಮೊದಲೇ ಪ್ರಿಂಟ್ ಒತ್ತಿದ. ಇಷ್ಟು ದಿನ ಬೈದವಳು ಇವತ್ತು ಕೈ ಮುಗಿಯುತ್ತಿದ್ದಾಳೆ ಎಂದರೆ ಅವಳು ನಿಜಕ್ಕೂ ಹೆದರಿದ್ದಾಳೆ.

ಹಾಳೆಗಳು ಪ್ರಿಂಟರಿನಿಂದ ಒಂದೊಂದಾಗಿ ಹೊರಗೆ ಬಂದವು. ಪ್ರತಿ ಹಾಳೆಯ ಸುತ್ತ ಪ್ರಿಂಟರು ತನ್ನ ಪಾಲಿಗೆಂದು ಬಿಳಿ ಅಂಚು ಉಳಿಸಿಕೊಂಡಿತ್ತು. ಅದನ್ನು ಕತ್ತರಿಸದೆ ಕೂಡಿಸುವಂತಿಲ್ಲ. ಅಷ್ಟರಲ್ಲಿ ಓಬಕ್ಕ ಸಿಟ್ಟು ಮರೆತು ಮತ್ತೆ ಬಾಗಿಲಲ್ಲಿದ್ದಳು. ವಾಟ್ಸಾಪ್ ಸುದ್ದಿ ಬಜ್ಜಿ ಬಂಡಿಗೂ ಮುಟ್ಟಿತ್ತು.

"ಹುಡುಗಿ ಸಲುವಾಗಿ ಒದ್ದಾಡಾಕತ್ತೀಯಲ್ಲೋ ನನ್ನಪ್ಪ. ತಾ ಇಲ್ಲಿ ಕತ್ರಿ. ನಾ ಕತ್ತರಿಸಿ ಕೊಡ್ತೀನಿ, ನೀ ಹೋಗಿ ಗಾಡಿ ತಗೊಂಬಾ."

ಅವನಿಗೆ ಕಣ್ಣು ತುಂಬಿ ಬಂತು. ಕತ್ತರಿ ಅವಳ ಕೈಗೆ ಕೊಟ್ಟು, ಪಕ್ಕದ ಓಣಿಯಲ್ಲಿ ನಿಲ್ಲಿಸಿದ್ದ ಬೈಕು ತರಲು ಓಡಿದ. ಅದು ಒದ್ದಷ್ಟೂ ಕೆಮ್ಮಿ, ಕೊನೆಗೆ ಮನಸ್ಸು ಮಾಡಿ ಶುರುವಾಯಿತು. ತಿರುಗಿ ಬಂದಾಗ ಓಬಕ್ಕ ಗೆದ್ದ ಮುಖ ಮಾಡಿಕೊಂಡು ಕೂತಿದ್ದಳು. ಬಿಳಿ ಅಂಚು ಹೋಗಿತ್ತು. ಅಂಚಿನ ಜೊತೆಗೆ ಬಂಡೆಗಳೂ, ಬೆಟ್ಟವೂ ಹೋಗಿದ್ದವು. ಓಬಕ್ಕ ಅರ್ಧರ್ಧ ಕುದುರೆಗಳನ್ನು ಕಿವಿ, ಗೊರಸು ಸಮೇತ ಅಚ್ಚುಕಟ್ಟಾಗಿ ಕತ್ತರಿಸಿ, ಮುಖಕ್ಕೆ ಬೆನ್ನು ಸೇರಿಸಿ ಅಂಟಿಸಿಬಿಟ್ಟಿದ್ದಳು.

"ಅರ್ಧ ಕುದುರಿ ಒಯ್ದ್ರ ಯಾರು ಹೆಣ್ಣು ಕೊಡ್ತಾರೋ? ಪೂರಾ ಮಾಡೀನಿ ನೋಡು. ನಿನ್ನ ಗಮ್ಮು ಸಿಗಲಿಲ್ಲ, ಬಜ್ಜಿ ಹಿಟ್ಟು ಹಚ್ಚೀನಿ."

ತಿಪ್ಪೇಶನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹಿಟ್ಟಿನ ಕುದುರೆಯನ್ನು ಅವಳ ಕೈಗೇ ಕಾಣಿಕೆ ಕೊಟ್ಟು, ಮತ್ತೆ ಪ್ರಿಂಟ್ ಒತ್ತಿದ. ಕೊನೆಯ ಹಾಳೆ ಪೂರ್ತಿ ಹೊರಗೆ ಬಂದ ಮೇಲೆ ಓಣಿಯ ಕರೆಂಟು ಹೋಯಿತು. ಬೆಳಗಿನಿಂದ ಅವನಿಗೆ ಆದ ಉಪಕಾರ ಅದೊಂದೇ. ಕತ್ತರಿಯನ್ನು ಯಾರ ಕೈಗೂ ಕೊಡದೆ ತಾನೇ ಅಂಚು ಕತ್ತರಿಸಿ, ಹಾಳೆಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಬೈಕು ಹಾರಿಸಿದ.

ಯೂನಿಟ್ಟಿನಲ್ಲಿ ಹೊಲಿಗೆ ಮಿಷನ್ನುಗಳು ನಿಂತಿದ್ದವು. ಸಾವ್ಕಾರರ ಮನೆಯ ಮದುವೆ ತಮ್ಮ ಕಣ್ಣೆದುರಿಗೇ ತೀರ್ಮಾನವಾಗುವಾಗ ಹೊಲಿಗೆ ಯಾರಿಗೆ ಬೇಕು? ಎಲ್ಲರೂ ಕಟಿಂಗ್ ಟೇಬಲ್ಲಿನ ಸುತ್ತ ನೆರೆದಿದ್ದರು. ಒಂದು ತುದಿಗೆ ಎರ್ರಿಸ್ವಾಮಿ ಕನ್ನಡಕ ಏರಿಸಿ ನಿಂತಿದ್ದರು. ಇನ್ನೊಂದು ತುದಿಗೆ ಸ್ವಪ್ನಾ ಸೆರಗಿನ ಅಂಚನ್ನು ಹಗ್ಗ ಮಾಡಿ ಹೊಸೆಯುತ್ತಿದ್ದಳು. ಗೋವರ್ಧನ ಫ್ಯಾನಿನ ಕೆಳಗೆ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ.

ಮೊದಲು ಗೋವರ್ಧನನ ಡಿಸೈನು ಬಿಚ್ಚಿದರು. "ಇದರಾಗ ನಂದೇನೂ ಇಲ್ಲ ಮಾಮ," ಎಂದ ಅವನು, ಕೂತಲ್ಲಿಂದಲೇ, ಪ್ರಾಮಾಣಿಕವಾಗಿ. "ಕುದುರಿ ಬೇಕು ಅಂತ ಫೋನಿನಾಗ ಎಐಗೆ ಕೇಳಿದ್ನಿ, ಅದೇ ಮಾಡಿ ಕೊಡ್ತು." ಕುದುರೆಗಳು ಪೂರಾ ಇದ್ದವು, ಆದರೆ ಪ್ರತಿಯೊಂದರ ಸುತ್ತ ಒಂದು ಬಿಳಿ ಗೆರೆ ಎದ್ದು ಕಾಣುತ್ತಿತ್ತು, ಕುದುರೆಗಳನ್ನೆಲ್ಲ ಒಂದೊಂದೇ ಕೋಣೆಯಲ್ಲಿ ಕೂಡಿ ಹಾಕಿದಂತೆ. ಎರ್ರಿಸ್ವಾಮಿಯವರ ಹೆಬ್ಬೆರಳು ಗೆರೆಗೆ ಗೆರೆಗೆ ನಿಂತಿತು. ಸಣ್ಣಬಸಪ್ಪ ಬಗ್ಗಿ ಎಣಿಸಿ, "ಸಾವ್ಕಾರ್ರೇ, ಇದಕ್ಕ ಕಾಲು ಒಂದು ಹೆಚ್ಚಿಗಿ ಐತ್ರಿ. ಇದರ ಅಳತಿಗೆ ಪ್ಯಾಂಟು ಹೊಲಿಯಾಕ ಬರಂಗಿಲ್ಲ," ಎಂದ. ಹೊಲಿಯುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಗೋವರ್ಧನ ತಾನೂ ನಕ್ಕು ಇನ್ನೊಂದು ಬಿಸ್ಕತ್ತು ತೆಗೆದುಕೊಂಡ.

"ಈಗ ನಿಂದು ತಗಿಯೋ, ಕುದುರಿ ಕಡದವನೇ," ಎಂದರು ಎರ್ರಿಸ್ವಾಮಿ.

ತಿಪ್ಪೇಶ ಅಂಗಿಯೊಳಗಿಂದ ತೆಗೆದು ಮೊದಲ ಹಾಳೆ ಇಟ್ಟ. ಎಡಕ್ಕೆ ಮುಖ, ಬಲಕ್ಕೆ ಹಿಂಭಾಗ. "ಅಯ್ಯೋ ಪಾಪಂ," ಎಂದು ಯಾರೋ ಲೊಚಗುಟ್ಟಿದರು. ಅವನು ತಲೆಯೆತ್ತದೆ ಎರಡನೆಯ ಹಾಳೆಯನ್ನು ಅದರ ಬಲಕ್ಕೆ ಒತ್ತಿ ಇಟ್ಟ. ಮೊದಲ ಹಾಳೆಯ ಹಿಂಭಾಗಕ್ಕೆ ಎರಡನೆಯ ಹಾಳೆಯ ಮುಖ ಬಂದು ಸೇರಿ, ನಡುವೆ ಪೂರಾ ಕುದುರೆಯೊಂದು ಬಾಲ ಎತ್ತಿ ನಿಂತುಬಿಟ್ಟಿತು. ಲೊಚಗುಟ್ಟಿದವರ ಬಾಯಿ ಹಾಗೇ ತೆರೆದುಕೊಂಡಿತು. ಅವನು ಪಕ್ಕಕ್ಕೆ ಒಂದು, ಕೆಳಗೆ ಒಂದು ಇಡುತ್ತ ಹೋದ ಹಾಗೆಲ್ಲ ಟೇಬಲ್ಲಿನ ಮೇಲೆ ಕುದುರೆಗಳು ಹುಟ್ಟುತ್ತ ಹೋದವು. ಬಂಡೆಗೆ ಬಂಡೆ ಕೂಡಿ ದುರ್ಗದ ಬೆಟ್ಟ ಟೇಬಲ್ಲಿನ ತುದಿಯ ತನಕ ಹಬ್ಬಿತು.

"ಭಲೇ ಉಂದಿ ಅನ್ನಾ!" ಎಂದು ಇಸ್ತ್ರಿಯವನು ತೆಲುಗಿನಲ್ಲಿ ಮೆಚ್ಚಿ ಕೂಗಿದ.

ಎರ್ರಿಸ್ವಾಮಿ ಹೆಬ್ಬೆರಳು ಇಟ್ಟು ಈ ತುದಿಯಿಂದ ಆ ತುದಿಗೆ ಎಳೆದರು. ಎಲ್ಲಿಯೂ ಕಣ್ಣು ತಡೆಯಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಜಾಯಿಂಟು ಎಲ್ಲೈತಪಾ?"

"ಕಾಣಂಗಿಲ್ರಿ ಸಾವ್ಕಾರ್ರೇ," ಎಂದ ಸಣ್ಣಬಸಪ್ಪ. "ನಾ ಮಧ್ಯಾಹ್ನನೇ ನೋಡಿ ಬಂದೀನಲ್ರಿ, ಹುಡುಗನ ಕೈಯಾಗ ಕಸುಬು ಐತಿ ಅಂತ."

ಎರ್ರಿಸ್ವಾಮಿ ತಿಪ್ಪೇಶನ ಬೆನ್ನ ಮೇಲೆ ಜೋರಾಗಿ ಹೊಡೆದರು. ಅವನಿಗೆ ಕೆಮ್ಮು ಬಂತು. ಸ್ವಪ್ನಾಳ ಕಣ್ಣಲ್ಲಿ ನೀರು ಬಂತು. ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು.

"ಇಂಥಾ ಕೆಲಸ ನಾ ನೋಡಿಲ್ಲ ಬಿಡ್ರಿ," ಎಂದು ಎರ್ರಿಸ್ವಾಮಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಡಿಸೈನು ತಿಪ್ಪೇಶಂದೇ. ಬಟ್ಟಿ ಇದೇ. ನಾಳಿಂದ ಇವನು ಅಂಗಡಿ ಮುಚ್ಚಿ ನಮ್ಮ ಯೂನಿಟ್ಟಿನಾಗೇ ಕೂಡ್ತಾನ. ಇನ್ನ ಸ್ವಪ್ನಾ ಮದುವಿ..." ಅವರು ಗಂಟಲು ಸರಿಮಾಡಿಕೊಂಡರು. "ಮುಂದಿನ ತಿಂಗಳು, ಗೋವರ್ಧನನ ಜೋಡಿ."

ಗೋವರ್ಧನನ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು.

"ಸಾವ್ಕಾರ್ರೇ," ಎಂದ ತಿಪ್ಪೇಶ, "ಗೆದ್ದಿದ್ದು ನಾನಲ್ರಿ?"

"ನೀನೇ ಗೆದ್ದೀಯೋ ಮಾರಾಯ, ಇಲ್ಲ ಅಂದವ್ರು ಯಾರು? ಅದಕ್ಕೇ ಹೇಳಾಕತ್ತಿದ್ದು." ಎರ್ರಿಸ್ವಾಮಿ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈ ಹಾಕಿದರು. "ಅಳಿಯ ಅಂದ್ರ ಏನು? ಬಂದ್ರ ಕುರ್ಚಿ ಹಾಕಬೇಕು. 'ಬರ್ರಿ, ಕುಂದರ್ರಿ, ಇನ್ನೊಂದು ಹೋಳಿಗಿ ಹಾಕ್ಕೊಳ್ರಿ' ಅನಬೇಕು. ಹಬ್ಬಕ್ಕ ಹೊಸಾ ಅರಿವಿ ಕೊಟ್ಟು ಕಾಲಿಗೆ ನೀರು ಕೊಡಬೇಕು. ಅಂಥವಂಗ 'ಲೇ, ಬಾಲ ಸೊಟ್ಟಾಗೈತಿ, ತಿದ್ದೋ' ಅಂತ ಅನ್ನಾಕ ಬರ್ತೈತೇನು? ಮಂದಿ ನನ್ನ ಮುಖಕ್ಕ ಉಗುಳ್ತಾರ. ನಿನ್ನಂಥಾ ಕೆಲಸಗಾರನ್ನ ಅಳಿಯ ಮಾಡ್ಕೊಂಡು ಹಾಳು ಮಾಡಾಕ ನಾನೇನು ಹುಚ್ಚನೇನು?" ಅವರು ಫ್ಯಾನಿನ ಕಡೆ ಗದ್ದ ಎತ್ತಿದರು. "ಅವನ್ನ ನೋಡು. ಅವನಿಗೆ ಕೆಲಸ ಹೇಳೋ ಪ್ರಮೇಯನೇ ಇಲ್ಲ. ಅಳಿಯ ಆಗಾಕ ಹೇಳಿ ಮಾಡಿಸಿದಂಗ ಅದಾನ."

ನೆರೆದವರೆಲ್ಲ ಯೋಚಿಸಿ, ಸಾವ್ಕಾರರ ಮಾತಿನಲ್ಲಿ ನ್ಯಾಯವಿದೆ ಎಂಬಂತೆ ತಲೆದೂಗಿದರು. ಎಲ್ಲರಿಗಿಂತ ಮೊದಲು ದೂಗಿದವನು ಸಣ್ಣಬಸಪ್ಪ.

"ಅಪ್ಪಾ!" ಎಂದು ಸ್ವಪ್ನಾ ಕಾಲು ಅಪ್ಪಳಿಸಿದಳು.

"ನೀ ಸುಮ್ನಿರವ್ವಾ. ತಿಪ್ಪೇಶ, ಕೂತ್ಕೋ ಆ ಕಂಪ್ಯೂಟರಿಗೆ. ಮೊದಲ ಕೆಲಸ ಮದುವಿ ಕಾರ್ಡು. ಸುತ್ತ ಮಲ್ಲಿಗಿ ಬಳ್ಳಿ ಬರಬೇಕು. ಹೂವಿಗೆ ಹೂವು ಕೂಡಬೇಕು, ಜಾಯಿಂಟು ಕಾಣಬಾರದು."

ತಿಪ್ಪೇಶ ಹೋಗಿ ಕಂಪ್ಯೂಟರಿನ ಮುಂದೆ ಕೂತ. ಸ್ವಪ್ನಾ ಕೀಬೋರ್ಡು ಸರಿಸುವ ನೆಪದಲ್ಲಿ ಅವನ ಕಿವಿಯ ಹತ್ತಿರ ಬಗ್ಗಿದಳು.

"ಕೆಡಿಸು," ಎಂದಳು ಹಲ್ಲು ಕಚ್ಚಿ. "ಇದನ್ನಾರ ಕೆಡಿಸು. ಸೊಟ್ಟ ಮಾಡು, ಹರಕು ಮಾಡು. ನಿನ್ನ ಕೈಲೆ ಏನೂ ಆಗಂಗಿಲ್ಲ ಅಂತ ಅಪ್ಪಗ ಖಾತ್ರಿ ಆಗ್ಲಿ. ಆವಾಗ ನೀನೂ ಅಳಿಯ ಆಗಾಕ ಲಾಯಕ್ಕು ಆಗ್ತಿ."

ಬದುಕಲು ಒಂದು ದಾರಿ ಸಿಕ್ಕಿತು. ತಿಪ್ಪೇಶ ಬಳ್ಳಿಯನ್ನು ಕಾರ್ಡಿನ ಸುತ್ತ ಹರಿಸಿ, ಮೂಲೆಯಲ್ಲಿ ಬೇಕೆಂದೇ ತಪ್ಪಿಸಿದ. ಒಂದು ಮಲ್ಲಿಗೆ ಅರ್ಧಕ್ಕೆ ಕಡಿದುಹೋಗಿ, ಎಲೆಯೊಂದು ಗೆರೆ ಹೊಡೆದಂತೆ ನಿಂತಿತು. ಎರ್ರಿಸ್ವಾಮಿಯವರ ಹೆಜ್ಜೆ ಸಪ್ಪಳ ಹತ್ತಿರ ಬರುತ್ತಿತ್ತು. ಇನ್ನೊಂದು ಕ್ಷಣ ಅವನು ಸುಮ್ಮನೆ ಕೂತರೆ ಸಾಕಿತ್ತು.

ತಿಪ್ಪೇಶ ಗೋಡೆ ನೋಡಿದ. ಫ್ಯಾನು ನೋಡಿದ. ಸ್ವಪ್ನಾಳ ಮುಖ ನೋಡಿದ. ಆ ಅರ್ಧ ಮಲ್ಲಿಗೆ ಮಾತ್ರ ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತಲೇ ಇತ್ತು. ಬೇಡ ಬೇಡವೆಂದರೂ ಅವನ ಕೈ ಮೌಸಿನ ಮೇಲೆ ಹೋಗಿ, ಎಲೆಯನ್ನು ಕೊಂಚ ಎಳೆದು, ಹೂವಿನ ಉಳಿದರ್ಧವನ್ನು ತಂದು ಅದರ ಜಾಗಕ್ಕೆ ಕೂಡಿಸಿತು.

ಸ್ವಪ್ನಾ ಹಣೆ ಚಚ್ಚಿಕೊಂಡಳು. ಹಿಂದೆ ಬಂದು ನಿಂತ ಎರ್ರಿಸ್ವಾಮಿ ಬಗ್ಗಿ ನೋಡಿ, ಮುಖ ಅರಳಿಸಿ, ಯೂನಿಟ್ಟಿಗೆಲ್ಲ ಕೇಳುವಂತೆ ಕೂಗಿದರು:

"ಭೇಷ್! ಇಂಥವನ್ನ ಯಾರಾದ್ರೂ ಅಳಿಯ ಮಾಡ್ಕೊಂತಾರೇನ್ರಿ?"